ಬಳೆ ವರ್ತಕನ ಹೊಸ ಚಕ್ರಗಳು

"ಗುರುಗಳೇ, ನಾನು ಇನ್ನು ಏನನ್ನು ಬದಲಿಸಬೇಕು?" ಎಂದು ಶಿಷ್ಯ ಕೇಳಿದ.

ಅವನು ಈ ಮಠಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಅದಕ್ಕೆ ಮೊದಲು ಬೇರೊಬ್ಬ ಗುರುಗಳ ಬಳಿ ಇದ್ದ. ಅವರು ತೀರಿಕೊಂಡ ಮೇಲೆ ಇಲ್ಲಿಗೆ ಬಂದವನು. "ಆಸನ ಬದಲಿಸಿದೆ, ಊಟ ಬದಲಿಸಿದೆ, ಏಳುವ ಹೊತ್ತು ಬದಲಿಸಿದೆ. ಆದರೂ ಧ್ಯಾನಕ್ಕೆ ಕೂತರೆ ಮನಸ್ಸು ಹೊಯ್ದಾಡುತ್ತದೆ. ನನ್ನ ಹಳೆಯ ಗುರುಗಳು ಎಳವೆಯಲ್ಲಿ ಹೇಳಿಕೊಟ್ಟ ಪಾಠದಲ್ಲಿ ಮಾತ್ರ ಇವತ್ತಿಗೂ ಒಂದಕ್ಷರ ಆಚೀಚೆ ಮಾಡಿಲ್ಲ. ಹೀಗೇ ಆದರೆ ನಾನು ಈ ದಾರಿಯನ್ನೇ ಬಿಟ್ಟುಬಿಡುತ್ತೇನೆ."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಳೆ ವರ್ತಕನಿದ್ದ. ಮೂವತ್ತು ವರ್ಷ ಒಂದೇ ಪೆಟ್ರೋಲ್ ಕಾರನ್ನು ಓಡಿಸಿದ. ಘಾಟಿಯ ಆಚೆಗಿನ ಊರುಗಳಿಗೆ ಗಾಜಿನ ಬಳೆ ಸಾಗಿಸುವುದು ಅವನ ಕೆಲಸ. ಹೆಂಡತಿ ಪಕ್ಕದಲ್ಲಿ ಕೂರುತ್ತಿದ್ದಳು. ತಿರುವು ಬಂದಾಗಲೆಲ್ಲ "ನಿಧಾನ, ನಿಧಾನ" ಎನ್ನುತ್ತಿದ್ದಳು. ಅವಳು ಹೇಳದಿದ್ದರೆ ಅವನಿಗೆ ತಿರುವು ದಾಟಿದಂತೆಯೇ ಆಗುತ್ತಿರಲಿಲ್ಲ. ತಿಂಗಳಿಗೊಮ್ಮೆ ಊರಾಚೆಯ ಬಂಕಿನಲ್ಲಿ ಟೈರುಗಳಿಗೆ ಗಾಳಿ ತುಂಬಿಸುತ್ತಿದ್ದರು. ಎಷ್ಟು ಹಾಕಬೇಕೆಂದು ಹೇಳುವವಳು ಅವಳೇ. ಪ್ರತಿ ಸಲವೂ ಕಾರಿನಿಂದ ಇಳಿದು, ಕನ್ನಡಕ ಹಾಕಿಕೊಂಡು, "ಇಪ್ಪತ್ತೆಂಟು" ಎನ್ನುತ್ತಿದ್ದಳು. ಅವನಿಗೆ ಊರಿನ ಹೆಂಗಸರ ಬಳೆಯ ಅಳತೆಯೆಲ್ಲ ಬಾಯಿಪಾಠ. ಇದೊಂದು ಮಾತ್ರ ನೆನಪಿರುತ್ತಿರಲಿಲ್ಲ, ಇಲ್ಲವೇ ನೆನಪಿಲ್ಲದವನಂತೆ ಇರುತ್ತಿದ್ದ. ಎಂಥ ಒಳ್ಳೆಯ ಕಾಲವದು! ಅದು ಕಳೆದುಹೋಗುತ್ತಿದೆ ಎಂದು ಆಗ ಇಬ್ಬರಿಗೂ ಗೊತ್ತಾಗಲಿಲ್ಲ.

ಹೆಂಡತಿ ತೀರಿಕೊಂಡಳು. ಎರಡು ವರ್ಷದ ಮೇಲೆ ಕಾರೂ ಕೈಕೊಟ್ಟಿತು. ವರ್ತಕ ಒಂದು ಎಲೆಕ್ಟ್ರಿಕ್ ಕಾರು ಕೊಂಡ. ಸದ್ದಿಲ್ಲ, ಹೊಗೆಯಿಲ್ಲ. ಆದರೆ ತಿರುವಿನಲ್ಲಿ ಅದು ಅವನ ಮಾತು ಕೇಳುತ್ತಿರಲಿಲ್ಲ. ಸ್ಟೀರಿಂಗ್ ತಿರುಗಿಸಿದರೆ ಒಂದು ಕ್ಷಣ ತಡೆದು ತಿರುಗುತ್ತಿತ್ತು, ತಿರುಗಿದ ಮೇಲೆ ಓಲಾಡುತ್ತಿತ್ತು.

ಘಾಟಿಯ ಆಚೆ ಮಗಳ ಮನೆ. ರಜೆ ಬಂದಾಗಲೆಲ್ಲ ಮೊಮ್ಮಗಳನ್ನು ಅವನೇ ಕರೆತರುತ್ತಿದ್ದ. ಒಂದು ಸಲ ಮಗು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಿತು. ಇನ್ನೊಂದು ಸಲ ತಿರುವಿನಲ್ಲಿ ಕಾರು ರಸ್ತೆಯ ಅಂಚಿಗೇ ಸರಿಯಿತು. "ಅಪ್ಪ, ಈ ಕಾರು ಸರಿಹೋಗೋವರೆಗೂ ಮಗೂನ ಕಳಿಸಲ್ಲ" ಎಂದಳು ಮಗಳು. ಹೆಂಡತಿ ಹೋದ ಮೇಲೆ ಅವನ ಮನೆಯಲ್ಲಿ ನಗು ಕೇಳಿಸುತ್ತಿದ್ದುದು ಆ ಮಗು ಬಂದಾಗ ಮಾತ್ರ.

ವರ್ತಕ ಚಕ್ರದ ಅಂಗಡಿಗೆ ಹೋದ. ಅವನು ಕೈ ನೋಡದೆ ಬಳೆ ಕೊಟ್ಟವನಲ್ಲ. ಚಕ್ರಗಳನ್ನೂ ಹಾಗೆಯೇ ಒಂದೊಂದಾಗಿ ಎತ್ತಿ, ತಿರುಗಿಸಿ ನೋಡಿದ. ಅಗಲವಾದ ಅಲಾಯ್ ಚಕ್ರ ಹಾಕಿಸಿದ. ಅವು ಭಾರವಾದವು. ಚಾರ್ಜು ಬೇಗ ಇಳಿಯತೊಡಗಿತು, ಓಲಾಟ ಹೋಗಲಿಲ್ಲ. ಅವನ್ನು ತೆಗೆಸಿ, ಮೊದಲಿನ ಅಳತೆಯದೇ ಹಗುರವಾದ ಚಕ್ರ ಹಾಕಿಸಿದ. ಕಾರನ್ನು ತಗ್ಗಿಸುವ ಗಟ್ಟಿ ಸ್ಪ್ರಿಂಗ್ ಹಾಕಿಸಿದ. ಊರಿನ ಒಂದೊಂದು ಹಂಪ್‌ಗೂ ಕಾರಿನ ಹೊಟ್ಟೆ ಉಜ್ಜಿತು. ಸ್ಟೀರಿಂಗಿನ ಹಿಂದಿನ ಫಲಕದಲ್ಲಿ ಒಂದು ಹಳದಿ ದೀಪ ಸದಾ ಉರಿಯುತ್ತಿತ್ತು. ಹೊಸ ಕಾರುಗಳಿಗೆ ಬಾಯಿ ಜಾಸ್ತಿ ಎಂದುಕೊಂಡು ಅದರ ಮೇಲೊಂದು ದೇವರ ಪಟ ಅಂಟಿಸಿದ.

ಒಂದು ವಿಚಿತ್ರವಿತ್ತು. ಪ್ರತಿ ಸಲವೂ ಅಂಗಡಿಯಿಂದ ಹೊರಟ ಕಾರು ಚೆನ್ನಾಗಿಯೇ ಓಡುತ್ತಿತ್ತು, ಬಂಕಿನವರೆಗೆ. ಅಲ್ಲಿ ನಿಲ್ಲಿಸಿ, ಅಂಗಡಿಯವರು ತುಂಬಿದ್ದ ಗಾಳಿಯನ್ನು ಇಳಿಸಿ ಇಪ್ಪತ್ತೆಂಟು ಮಾಡಿಸುತ್ತಿದ್ದ. ಪೆಟ್ರೋಲ್ ಬೇಡದ ಕಾರನ್ನು ಬಂಕಿಗೆ ತರುತ್ತಾನೆಂದು ಅಲ್ಲಿಯವರು ನಗುತ್ತಿದ್ದರು. ಅವನು ತಲೆಕೆಡಿಸಿಕೊಳ್ಳಲಿಲ್ಲ. ಆ ಸಂಖ್ಯೆ ಹೆಂಡತಿಯ ಬಾಯಿಂದ ಬಂದದ್ದು. ಅದನ್ನು ಗಟ್ಟಿಯಾಗಿ ಹೇಳುವಾಗ ಅವಳು ಪಕ್ಕದಲ್ಲೇ ನಿಂತಂತೆ ಆಗುತ್ತಿತ್ತು. ಕಾರಿನಲ್ಲಿ ಏನನ್ನು ಬೇಕಾದರೂ ಬದಲಿಸಬಹುದು, ಅದನ್ನು ಹೇಗೆ ಬದಲಿಸುವುದು?

ಒಂದು ದಿನ ಬಂಕಿನಲ್ಲಿ ಗಾಳಿ ತುಂಬುವ ಕೆಲಸಕ್ಕೆ ಹೊಸ ಹೆಂಗಸೊಬ್ಬಳು ಬಂದಿದ್ದಳು. ವರ್ತಕ ತನ್ನ ಸಂಖ್ಯೆ ಹೇಳಿದ. ಅವಳು ಪೈಪು ಹಿಡಿದು ಹಾಗೆಯೇ ನಿಂತಳು.

"ಅಷ್ಟು ಅಂತ ಯಾರು ಹೇಳಿದ್ರು ಸಾರ್?"

"ನನ್ನ ಹೆಂಡತಿ."

"ಈ ಕಾರಿಗಾ?"

ಆ ಹೆಂಗಸು ಚಾಲಕನ ಬದಿಯ ಬಾಗಿಲು ತೆಗೆದು, ಬಗ್ಗಿ, ಚೌಕಟ್ಟಿಗೆ ಅಂಟಿಸಿದ್ದ ಚೀಟಿಯನ್ನು ಓದಿದಳು. "ಮೂವತ್ತಾರು ಅಂತಿದೆ. ಬ್ಯಾಟರಿ ಕಾರು, ತೂಕ ಜಾಸ್ತಿ ಸಾರ್. ಇಪ್ಪತ್ತೆಂಟು ಹಾಕಿದ್ರೆ ಓಲಾಡದೆ ಇನ್ನೇನು ಮಾಡುತ್ತೆ?"

ವರ್ತಕ ಅವಳು ಬಗ್ಗಿದ್ದನ್ನೇ ನೋಡುತ್ತ ನಿಂತಿದ್ದ. ಅವನ ಕಣ್ಣು ತುಂಬಿ ಬಂತು. "ಮೂವತ್ತಾರೇ ಹಾಕಮ್ಮ" ಎಂದ. ಮುಂದಿನ ರಜೆಗೆ ಮೊಮ್ಮಗಳು ಅದೇ ಕಾರಿನಲ್ಲಿ ಘಾಟಿ ಇಳಿದು ಬಂದಳು. ದಾರಿಯುದ್ದಕ್ಕೂ ನಿದ್ದೆ ಮಾಡುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. ತೀರಿಕೊಂಡ ತನ್ನ ಗುರುಗಳ ಮುಖ ಅವನ ಕಣ್ಣ ಮುಂದೆ ಬಂದಿತ್ತು. ಮೆಲ್ಲಗೆ ಕೇಳಿದ: "ಹಾಗಾದರೆ ಅವನು ಹೆಂಡತಿಯ ಮಾತನ್ನು ಬಿಟ್ಟುಕೊಟ್ಟನೇ?"

ಗುರುಗಳು ಹೇಳಿದರು: "ಅವಳೂ ಪ್ರತಿ ತಿಂಗಳು ಬಾಗಿಲು ತೆಗೆದು, ಬಗ್ಗಿ, ಓದಿಯೇ ಹೇಳುತ್ತಿದ್ದಳಪ್ಪ."