ಇಳಿಜಾರಿನಲ್ಲಿ ಒಡ್ಡೋಲಗ

"ಈ ಬೆಟ್ಟದ ಮಣ್ಣು ಒಂದು ಹಿಡಿ ಕೆರೆಯುವುದೂ ಒಂದೇ, ನನ್ನ ಮೀಸೆ ಬೋಳಿಸುವುದೂ ಒಂದೇ!" ಎಂದು ಗಗನದುರ್ಗದ ದೊರೆ ಬೊಮ್ಮರಸ ಗುಡುಗಿದ.

ಎದುರಿಗೆ ನಿಂತಿದ್ದವಳು ಊರಿನ ವೈದ್ಯೆ ಸಿರಿಯಕ್ಕ. ಅವಳ ಆರೋಗ್ಯಶಾಲೆ ಬೆಟ್ಟದ ಬುಡದಲ್ಲಿ, ಹೊಳೆಯ ದಂಡೆಗೆ ಇತ್ತು. ಹಿಂದಿನ ಮಳೆಗಾಲದಲ್ಲಿ ಹೊಳೆ ಒಳಗೇ ನುಗ್ಗಿತ್ತು. ಬಾಣಂತಿಯೊಬ್ಬಳನ್ನು ಹಸುಗೂಸಿನ ಸಮೇತ ಅಟ್ಟ ಹತ್ತಿಸಿ ಉಳಿಸಿಕೊಳ್ಳಬೇಕಾಯಿತು. ಇನ್ನೊಂದು ಮಳೆಗಾಲ ಅಲ್ಲಿ ಕಳೆಯುವ ಧೈರ್ಯ ಅವಳಿಗಿರಲಿಲ್ಲ.

ಬೆಟ್ಟದ ಮೇಲಿನ ಸಪಾಟು ಜಾಗವನ್ನೆಲ್ಲ ಅರಮನೆ, ಗುಡಿ, ಕುದುರೆ ಲಾಯ ನುಂಗಿದ್ದವು. ಉಳಿದದ್ದು ಚಿಲುಮೆಯ ಪಕ್ಕದ ಕಡಿದಾದ ಇಳಿಜಾರು ಒಂದೇ.

"ಪ್ರಭು, ಅಲ್ಲಿ ಒಳ್ಳೆಯ ಗಾಳಿಯಿದೆ, ನೀರಿದೆ. ನೆಲ ತುಸು ಕಡಿದು ಮಟ್ಟ ಮಾಡಲು ಅಪ್ಪಣೆ ಕೊಟ್ಟರೆ ಸಾಕು. ಊರವರೇ ಕಟ್ಟಿಕೊಳ್ಳುತ್ತಾರೆ."

"ಕಟ್ಟಿಕೊಳ್ಳಿ, ಬೇಡವೆಂದವರು ಯಾರು? ಆದರೆ ನೆಲ ಮುಟ್ಟಕೂಡದು. ನಮ್ಮ ಬೆಟ್ಟ ಕಡಿದಾಗಿದೆ ಎಂದೇ ಶತ್ರುಗಳು ಹೆದರುವುದು. ಗಗನದುರ್ಗದವರಿಗೆ ಇಳಿಜಾರೂ ಒಂದೇ, ಅಂಗಳವೂ ಒಂದೇ. ಗುದ್ದಲಿ ಹಾಕಿದವನು ಗಡೀಪಾರು!"

ಸಿರಿಯಕ್ಕನ ಕಣ್ಣಲ್ಲಿ ನೀರಾಡಿತು. ಆಗ ಆಸ್ಥಾನದ ನಡುವಿನಿಂದ ಕೇತಣ್ಣ ಮುಂದೆ ಬಂದ. ಕೇತಣ್ಣ ಮಂತ್ರಿಯೂ ಅಲ್ಲ, ಕವಿಯೂ ಅಲ್ಲ. ದೊರೆಗೆ ಬೇಸರವಾದಾಗ ಮಾತಾಡುವುದೇ ಅವನ ಉದ್ಯೋಗ.

"ದೊರೆಗಳು ಹೇಳಿದ್ದು ಸರಿ," ಎಂದ ಕೇತಣ್ಣ. ಸಿರಿಯಕ್ಕ ಅವನನ್ನು ದುರುಗುಟ್ಟಿ ನೋಡಿದಳು. "ಆದರೆ ಊರಿನ ಹೆಂಗಸರು ನಂಬುವುದಿಲ್ಲ ಪ್ರಭು. 'ದೊರೆ ಒಂದು ಗಳಿಗೆ ಅಲ್ಲಿ ಕೂತು ತೋರಿಸಲಿ' ಅನ್ನುತ್ತಾರೆ. ಇವತ್ತು ಅನ್ನದಿದ್ದರೆ ನಾಳೆ ಅನ್ನುತ್ತಾರೆ."

"ಒಂದು ಗಳಿಗೆಯೇ? ನಾಳೆ ಇಡೀ ಒಡ್ಡೋಲಗವೇ ಅಲ್ಲಿ! ಪಕ್ಕದ ಸೀಮೆಯ ರಾಯಭಾರಿಯೂ ಬರುವವನಿದ್ದಾನೆ. ಅವನೂ ನೋಡಲಿ ನಮ್ಮ ಗಟ್ಟಿತನ!"

ಮರುದಿನ ಸಿಂಹಾಸನವನ್ನು ಹೊತ್ತು ತಂದು ಇಳಿಜಾರಿನಲ್ಲಿ, ಕಣಿವೆಗೆ ಮುಖ ಮಾಡಿ ಇಟ್ಟರು. ದೊರೆ ಕೂತ. ಕೂತೊಡನೆ ಕಿರೀಟ ಮುಂದಕ್ಕೆ ಬಂದು ಹುಬ್ಬಿನ ಮೇಲೆ ನಿಂತಿತು. ಅದನ್ನು ಹಿಂದಕ್ಕೆ ತಳ್ಳಿ ದೊರೆ ಕಾಲೂರಿದ. "ನೋಡಿದಿರಾ? ಎಷ್ಟು ಹಾಯಾಗಿದೆ!"

ಅಷ್ಟರಲ್ಲಿ ತಾಂಬೂಲದ ತಟ್ಟೆ ತಾನಾಗಿಯೇ ಹೊರಟಿತು. ಅದನ್ನು ಹಿಡಿಯಲು ಬಗ್ಗಿದ ಪ್ರಧಾನಿ ಗುಂಡಪ್ಪಯ್ಯನೂ ಅದರ ಹಿಂದೆಯೇ ಹೊರಟ. ಆಳು ಸ್ವಲ್ಪ ದುಂಡಗೆ. ತಂಗಡಿಯ ಪೊದೆಯೊಂದು ದಾರಿಗಡ್ಡ ಬಂದುದರಿಂದ ಪ್ರಧಾನಿ ರಾಜ್ಯಕ್ಕೆ ಉಳಿದ.

ರಾಯಭಾರಿ ಮೀಸೆಯ ಮರೆಯಲ್ಲಿ ನಕ್ಕ. ದೊರೆಗೆ ಅದು ಕಂಡಿತು. "ನಗುವವರು ಯಾರು?" ಎಂದು ಏಳಹೋದ. ಊರಿದ ಕಾಲು ಸಡಿಲವಾಯಿತು. ದೊರೆ ಸಿಂಹಾಸನದ ಸಮೇತ ಸರ್ರನೆ ಕೆಳಗೆ ಜಾರಿದ!

"ಹಿಡಿಯಿರೋ! ಯಾರಾದರೂ ಹಿಡಿಯಿರೋ!"

ಹತ್ತಾರು ಕೈಗಳು ಹಿಡಿದವು. ಕಿರೀಟ ಮೂಗಿನವರೆಗೆ ಇಳಿದಿತ್ತು.

"ಹಿಂದಿನ ಕಾಲುಗಳ ಕೆಳಗೆ ಅಗೆಯಿರಿ! ಪೀಠ ಮಟ್ಟಕ್ಕೆ ಬರಲಿ!" ಎಂದು ಕಿರೀಟದೊಳಗಿಂದ ಕೂಗಿದ ದೊರೆ.

ಕೇತಣ್ಣ ಕೈ ಮುಗಿದ. "ಗುದ್ದಲಿ ಹಾಕಿದರೆ ಗಡೀಪಾರಲ್ಲವೇ ಪ್ರಭು?"

"ನಿನ್ನ ತಲೆ! ಅಗೆಯೋ ಅಂದರೆ ಅಗೆಯಬೇಕು!"

ಎಲ್ಲಿದ್ದರೋ ಏನೋ, ಊರಿನ ಗಂಡಾಳುಗಳು ಗುದ್ದಲಿ ಹಿಡಿದು ಬಂಡೆಯ ಹಿಂದಿನಿಂದ ಬಂದೇ ಬಿಟ್ಟರು. ಮೇಲುಗಡೆ ಕಡಿದು ಆ ಮಣ್ಣನ್ನು ಕೆಳಗಡೆ ತುಂಬಿದರು. ಸಿಂಹಾಸನ ನೆಟ್ಟಗಾಯಿತು. ದೊರೆಯ ಜೀವವೂ ನೆಟ್ಟಗಾಯಿತು.

"ಈಗ ಸರಿ. ಎಲ್ಲಿ, ಪ್ರಧಾನಿಯವರೇ, ವರದಿ ಓದಿ."

ಪೊದೆಯಿಂದ ಎದ್ದು ಬಂದ ಗುಂಡಪ್ಪಯ್ಯ ಒಂದು ಬೇರು ಹಿಡಿದು ಜೋತಾಡುತ್ತ, "ಎರಡೂ ಕೈ ಖಾಲಿಯಿಲ್ಲ ಪ್ರಭು," ಎಂದ.

"ಅವರಿಗೂ ಮಟ್ಟ ಮಾಡಿ!"

"ರಾಯಭಾರಿಗಳಿಗೆ?" ಎಂದ ಕೇತಣ್ಣ.

"ಅತಿಥಿಯನ್ನು ಜಾರಿಸುತ್ತೇವೆಯೇ? ಅವರಿಗೂ!"

"ಸೇನಾಪತಿಗಳಿಗೆ? ಪಂಡಿತರಿಗೆ? ಮೃದಂಗದವರಿಗೆ? ಮೃದಂಗ ಆಗಲೇ ಎರಡು ಸಲ ಉರುಳಿತು."

"ಒಬ್ಬೊಬ್ಬರದನ್ನೂ ನನ್ನನ್ನೇ ಕೇಳಬೇಕೇ? ಎಲ್ಲರಿಗೂ ಮಾಡಿ!"

ಹೊತ್ತು ಇಳಿಯುವಷ್ಟರಲ್ಲಿ ಚಿಲುಮೆಯ ಪಕ್ಕದಲ್ಲಿ ಅಗಲವಾದ ಅಂಗಳವೊಂದು ಹರಡಿಕೊಂಡಿತು. ಒಡ್ಡೋಲಗ ಸಾಂಗವಾಗಿ ಮುಗಿಯಿತು. ದೊರೆ ಮೈಮುರಿದು ಎದ್ದು ಸುತ್ತ ನೋಡಿದ. ಸಿರಿಯಕ್ಕ ಆಗಲೇ ಅಂಗಳದ ಮೂಲೆಯಲ್ಲಿ ನಿಂತು, ಬಾಗಿಲು ಎಲ್ಲಿ, ಒಲೆ ಎಲ್ಲಿ, ಬಾಣಂತಿ ಕೋಣೆ ಎಲ್ಲಿ ಎಂದು ಬಡಗಿಗೆ ಕೈ ಮಾಡಿ ತೋರಿಸುತ್ತಿದ್ದಳು.

ದೊರೆಗೆ ಈಗ ಹೊಳೆಯಿತು. ಮುಖ ಕೆಂಪಾಯಿತು.

"ಕೇತಣ್ಣಾ! ಬೆಟ್ಟ ಕಡಿಯಲು ನಾನು ಅಪ್ಪಣೆ ಕೊಡುವುದಿಲ್ಲ ಎಂದಿದ್ದೆನಲ್ಲ! ಈ ಅಪ್ಪಣೆ ಯಾವಾಗ ಜಾರಿಯಾಯಿತು?"

"ತಾವು ಜಾರಿದಾಗಲೇ ಪ್ರಭು!"

ರಾಯಭಾರಿಯ ಮೀಸೆ ಮೊದಲು ಅಲುಗಿತು. ಆಮೇಲೆ ದೊರೆಯ ಹೊಟ್ಟೆ. ಕೊನೆಗೆ ಬೊಮ್ಮರಸ ಸಿಂಹಾಸನದ ತೋಳು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕ.

"ಕೂತ ನನಗೇ ಇಷ್ಟು ಫಜೀತಿಯಾದರೆ, ಜ್ವರ ಬಂದು ಮಲಗಿದವರ ಗತಿಯೇನು?" ಎಂದು ಕಣ್ಣೊರೆಸಿಕೊಂಡ. "ಸಿರಿಯಕ್ಕಾ, ಕಟ್ಟಿಸು. ಮಳೆಗೆ ಮಣ್ಣು ಕುಸಿಯದ ಹಾಗೆ ಅಂಚಿಗೆ ಕಲ್ಲಿನ ಕಟ್ಟೆ ಅರಮನೆಯಿಂದಲೇ ಆಗಲಿ. ಕೇತಣ್ಣನಿಗೆ ನನ್ನ ಕೊರಳ ಹಾರ."

ಸಿರಿಯಕ್ಕ ನಮಸ್ಕರಿಸಿದಳು. ಆದರೆ ಕದಲಲಿಲ್ಲ.

"ಇನ್ನೇನು?"

"ರೋಗಿಗಳು ಹತ್ತಿ ಬರುವ ದಾರಿಯೂ ಬಹಳ ಕಡಿದಾಗಿದೆ, ಪ್ರಭು. ಅದನ್ನೂ ಸ್ವಲ್ಪ..."

ದೊರೆ ಒಮ್ಮೆ ದಾರಿಯನ್ನು ನೋಡಿದ, ಒಮ್ಮೆ ಕೇತಣ್ಣನನ್ನು ನೋಡಿದ. ತಟ್ಟನೆ ಎರಡೂ ಕೈಯಲ್ಲಿ ಕಿರೀಟ ಹಿಡಿದುಕೊಂಡ.

"ಕೊಟ್ಟೆ ತಾಯಿ, ಕೊಟ್ಟೆ! ಇದನ್ನು ನಿಂತಲ್ಲೇ ಕೊಟ್ಟೆ!"