ತಾಯಿ ನೆಕ್ಕದ ಕರು

"ಗುರುಗಳೇ, ಹೊಸದಾಗಿ ಬಂದ ಮಹಾಂತನಿಗೆ ಮೊದಲ ಪಾಠ ಹೇಳಿಕೊಟ್ಟವನು ನಾನು. ಈಗ ಅವನು ನನ್ನ ಜೊತೆಯ ಶಿಷ್ಯ ಗುರುಸಿದ್ಧನ ಹತ್ತಿರ ಕಲಿಯುತ್ತಾನೆ. ಅವರಿಬ್ಬರನ್ನು ಒಟ್ಟಿಗೆ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಮಹಾಂತನ ಮೇಲೆ ಪ್ರೀತಿ ಇರುವುದರಿಂದಲೇ ಹೀಗಾಗುತ್ತದೆ, ಅಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಹಟ್ಟಿಯ ತುಂಬ ದನ ಸಾಕಿದ್ದ ಒಬ್ಬ ರೈತನಿದ್ದ. ಮೇವು ಹಾಕುವವನು ಅವನು, ಮೈ ತೊಳೆಯುವವನು ಅವನು. ಕರುಗಳು ಮಾತ್ರ ಅವನ ಹೆಂಡತಿಯ ಸೆರಗಿನ ಹಿಂದೆ ಓಡುತ್ತಿದ್ದವು. ಕಟ್ಟಿಕೊಂಡ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು, ಅದೂ ಕರುಗಳ ವಿಷಯಕ್ಕೆ! ನಗಬೇಡ, ಅವನಿಗೆ ಊಟವೇ ಸೇರುತ್ತಿರಲಿಲ್ಲ.

ಒಂದು ದಿನ ಹೆಂಡತಿ ನೀರಿಗೆ ಹೋಗಿದ್ದಾಗ ಹಸು ಕರು ಹಾಕಿತು. ಇದಾದರೂ ಮೊದಲು ನನ್ನನ್ನೇ ನೋಡಲಿ ಎಂದುಕೊಂಡ ರೈತ, ತಾಯಿ ನೆಕ್ಕುವ ಮೊದಲೇ ಕರುವನ್ನು ಎತ್ತಿ ಪಕ್ಕದ ಕೋಣೆಗೆ ಒಯ್ದ. ಹೆಗಲ ಮೇಲಿನ ಟವೆಲಿನಿಂದ ಒರೆಸಿದ, ಎದೆಗವಚಿಕೊಂಡು ಮುದ್ದಾಡಿದ. ಆಮೇಲೆ ತಂದು ಹಸುವಿನ ಮುಂದೆ ಬಿಟ್ಟ. ಹಸು ಮೂಸಿ ನೋಡಿ ಒದ್ದುಬಿಟ್ಟಿತು. ಕರು ಕೆಚ್ಚಲಿನ ಹತ್ತಿರ ಹೋದಾಗಲೆಲ್ಲ ಒದೆಯೇ ಸಿಕ್ಕಿತು. ನಡುವೆ ಹೋದ ರೈತನನ್ನೂ ಹಸು ಹಾಯಲು ಬಂತು.

ಹೆಂಡತಿ ಬಂದು ನೋಡಿ ಕೊಡ ಕೆಳಗಿಟ್ಟಳು. "ಏನ್ರೀ ಮಾಡಿದ್ರಿ?"

"ಒರೆಸಿದೆ, ಅಷ್ಟೇ."

"ಕರು ಮೈಯೆಲ್ಲ ನಿಮ್ಮ ವಾಸನೇನೇ ಇದೆ. ತಾಯಿಗೆ ತನ್ನ ಕರು ಅಂತ ಹೇಗೆ ಗೊತ್ತಾಗಬೇಕು? ಗಿಣ್ಣುಹಾಲು ಹೊಟ್ಟೆಗೆ ಬೀಳದಿದ್ರೆ ಇದು ಉಳಿಯಲ್ಲ."

ಹಸು ಈದ ಜಾಗದ ಒದ್ದೆ ಹುಲ್ಲನ್ನು ತಂದು ಅವಳು ಕರುವಿನ ಮೈಗೆಲ್ಲ ಉಜ್ಜಿದಳು. ಬೆನ್ನ ಮೇಲೆ ತೌಡು, ಉಪ್ಪು ಉದುರಿಸಿದಳು. ಗಂಡನನ್ನು ಹೊರಗೆ ಕಳಿಸಿ, ತಾನೂ ಹೊರಗೆ ಬಂದು ಬಾಗಿಲು ಮುಚ್ಚಿದಳು. ಇಬ್ಬರೂ ಬಾಗಿಲ ಸಂದಿಯಿಂದ ನೋಡಿದರು. ಹಸು ಉಪ್ಪಿನ ಆಸೆಗೆ ನೆಕ್ಕಲು ಶುರುಮಾಡಿತು. ನೆಕ್ಕುತ್ತ ನೆಕ್ಕುತ್ತ ಸಣ್ಣಗೆ ಅಂಬಾ ಎಂದಿತು. ಕರು ನಡುಗುತ್ತ ಎದ್ದು ಕೆಚ್ಚಲಿಗೆ ಬಾಯಿ ಹಾಕಿತು.

ಹೆಂಡತಿ ಕಣ್ಣೊರೆಸಿಕೊಂಡಳು. ರೈತನ ಮುಖ ಮಾತ್ರ ಇನ್ನಷ್ಟು ಕಪ್ಪಿಟ್ಟಿತು. ಇದರಲ್ಲೂ ಇವಳೇ ಗೆದ್ದಳಲ್ಲ ಎಂದು ಅವನಿಗೆ ಸಂಕಟವಾಯಿತು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಎಂಥ ಮನುಷ್ಯ! ಕರು ಬದುಕಿತಲ್ಲ, ಅವನಿಗೆ ಅಷ್ಟು ಸಾಲದೆ?" ಎಂದ.

ಗುರುಗಳು ಕೇಳಿದರು: "ಇವತ್ತು ಬೆಳಗ್ಗೆ ಮಹಾಂತ ಒಂದೂ ತಪ್ಪಿಲ್ಲದೆ ಪಾಠ ಒಪ್ಪಿಸಿದಾಗ ನೀನೊಬ್ಬನೇ ಯಾಕಪ್ಪ ಎದ್ದು ಹೋದೆ?"