ದೋಣಿಕಟ್ಟೆಯ ದಂಡ

"ಬುದ್ಧೀ, ನಮ್ಮ ಮಠದ ದೋಣಿಕಟ್ಟೆಯಲ್ಲಿ ಒಂದು ದಿನ ಮೀರಿ ದೋಣಿ ನಿಲ್ಲಿಸಿದವರಿಗೆ ದಂಡ ಎಂದು ಹಲಗೆ ಬರೆಸಿದ್ದೇವೆ. ಈಗ ಒಬ್ಬ ಮೀರಿ ನಿಂತಿದ್ದಾನೆ. ನಾವೇ ಬರೆದುಕೊಂಡ ದಂಡ ನ್ಯಾಯದ ಮುಂದೆ ನಿಲ್ಲುತ್ತದೆಯೇ?"

ಕೇಳಿದವನು ಶಿಷ್ಯ ಅಡವಯ್ಯ. ಕಟ್ಟೆಯ ಉಸ್ತುವಾರಿ ಅವನದು, ಹಲಗೆಯ ಯೋಚನೆಯೂ ಅವನದೇ. ಬಾಗಿಲವರೆಗೆ ಮೂರು ಸಲ ಬಂದು ಹಿಂದಿರುಗಿ, ನಾಲ್ಕನೆಯ ಸಲಕ್ಕೆ ಒಳಗೆ ಕಾಲಿಟ್ಟಿದ್ದ. ಗುರುಗಳು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಕೂತುಕೋ ಎಂದು ಹೇಳಿ ಒಂದು ಕತೆ ತೆಗೆದರು.

ಒಬ್ಬ ವರ್ತಕ ಸ್ವಂತ ಖರ್ಚಿನಲ್ಲಿ ಹೊಳೆಯ ದಡದಲ್ಲಿ ದೋಣಿ ನಿಲ್ಲಿಸಲು ಕಲ್ಲುಕಟ್ಟೆ ಕಟ್ಟಿಸಿದ್ದ. ಕೆಟ್ಟವನೇನಲ್ಲ. ಮೊದಮೊದಲು ಎಲ್ಲರಿಗೂ ಬಿಟ್ಟುಕೊಟ್ಟ. ಬಂದವರು ದೋಣಿ ಕಟ್ಟಿ ವಾರಗಟ್ಟಲೆ ನೆಂಟರ ಮನೆ ಸುತ್ತತೊಡಗಿದರು. ಸರಕು ತಂದ ದೋಣಿಗೆ ಜಾಗ ಸಿಗದಾಯಿತು. ಅವನಿಗೂ ಸಾಕುಸಾಕಾಯಿತು. ಒಂದು ದಿನ ಬಿಟ್ಟಿ, ಆಮೇಲೆ ದಿನಕ್ಕೆ ಹತ್ತು ಕೊಳಗ ಭತ್ತ ದಂಡ ಎಂದು ಹಲಗೆ ನೆಟ್ಟ. ಹತ್ತೇ ಏಕೆ? ಓದಿದವರು ಹೆದರಲಿ ಎಂದು, ಅಷ್ಟೆ.

ಒಬ್ಬ ಅಂಬಿಗ ವೀಳ್ಯದೆಲೆಯ ಬುಟ್ಟಿಗಳನ್ನು ಹೇರಿಕೊಂಡು ಮಧ್ಯಾಹ್ನದ ಹೊತ್ತಿಗೆ ಅಲ್ಲಿಗೆ ಬಂದ. ಮೇಲಿನ ಊರಿನ ಮದುವೆಗೆ ಎಲೆ ಮುಟ್ಟಿಸುತ್ತೇನೆಂದು ಮಾತು ಕೊಟ್ಟಿದ್ದ. ದಾರಿ ಇನ್ನು ಎರಡು ದಿನದ್ದು, ಮದುವೆಗೆ ನಾಲ್ಕು ದಿನವಿತ್ತು. ಹಲಗೆ ಓದಿದ, ನಕ್ಕ, ಹಗ್ಗ ಬಿಗಿದ. ಆ ಊರಲ್ಲಿ ಅವನ ಅಕ್ಕ ಇದ್ದಳು. ಉಂಡು ಹೋಗು ಎಂದಳು, ಉಂಡ. ಮಲಗೆದ್ದು ಹೋಗು ಎಂದಳು, ಮಲಗಿದ. ಮರುದಿನ ಮಧ್ಯಾಹ್ನಕ್ಕೆ ಹೊರಡಬೇಕಾದವನು ಸಂಜೆ ಹೊಳೆಗೆ ಇಳಿದಾಗ ದೋಣಿಗೆ ಸರಪಳಿ ಬಿದ್ದಿತ್ತು, ವರ್ತಕ ಪಕ್ಕದಲ್ಲೇ ನಿಂತಿದ್ದ.

"ಒಡೆಯರೇ, ಅರ್ಧ ದಿನ ತಡ ಆಯ್ತು, ತಪ್ಪು ನನ್ನದೇ. ಎಲೆ ಮುಟ್ಟಿಸಿ ಬರ್ತೀನಿ, ಆಮೇಲೆ ಏನು ಹೇಳಿದ್ರೂ ಕೇಳ್ತೀನಿ."

"ಓದಿ ತಾನೇ ಕಟ್ಟಿದ್ದು? ಓದಿ ಕಟ್ಟಿದ ಮೇಲೆ ಒಪ್ಪಿದ ಹಾಗೇ. ದಂಡ ತಂದಿಡು, ದೋಣಿ ಬಿಡಿಸ್ಕೋ."

ಅಂಬಿಗ ಓದಿದ್ದಂತೂ ನಿಜ. ಆದರೆ ಆ ಪ್ರಯಾಣದ ಪೂರ್ತಿ ಬಾಡಿಗೆಯೇ ನಾಲ್ಕು ಕೊಳಗ. ಅಕ್ಕ ಕಣಜ ಗುಡಿಸಿ ಮೂರು ಕೊಳಗ ತಂದಳು. ವರ್ತಕ ಮುಟ್ಟಲಿಲ್ಲ. ನ್ಯಾಯ ಹೇಳಬೇಕಾದ ಊರಗೌಡರು ಪರವೂರಿಗೆ ಹೋಗಿದ್ದರು.

ಅಂಬಿಗ ದೋಣಿ ಬಿಟ್ಟು ಕದಲಲಿಲ್ಲ. ಗಳಿಗೆಗೊಮ್ಮೆ ಬುಟ್ಟಿಯೊಳಗೆ ಕೈ ತೂರಿಸಿ ನೋಡುವನು. ತಣ್ಣಗಿದ್ದರೆ ಎಲೆ ಉಳಿದಿದೆ, ಬೆಚ್ಚಗಾದರೆ ಕೊಳೆಯತೊಡಗಿದೆ. ನೀರು ಚಿಮುಕಿಸಿದ. ಕಟ್ಟು ಬಿಚ್ಚಿ ಹಳದಿ ಎಲೆ ಹೆಕ್ಕಿ ಎಸೆದ. ಎಲೆ ತಪ್ಪಿದರೆ ಈ ಹೊಳೆಯ ಮೇಲೆ ಇನ್ನು ಯಾರೂ ತನ್ನನ್ನು ನಂಬುವುದಿಲ್ಲ ಎಂದು ಅವನಿಗೆ ಭಯವಾಗಿತ್ತು. ಮೂರನೆಯ ದಿನ ವರ್ತಕನ ಆಳು ಬಂದು, ದಂಡ ಈಗ ಇಪ್ಪತ್ತು ಕೊಳಗ ಎಂದು ಹೇಳಿ ಹೋದ. ನಾಲ್ಕನೆಯ ದಿನ ಮೂವತ್ತಾಯಿತು. ಅಂದೇ ಸಂಜೆ ಬುಟ್ಟಿಯೊಳಗಿನ ಬಿಸಿ ಅಂಬಿಗನ ಕೈಗೆ ತಾಗಿತು. ಅವನು ಕೈ ಹೊರಗೆ ತೆಗೆಯದೆ ಹಾಗೇ ಕೂತ.

ಐದನೆಯ ದಿನ ಬೆಳಿಗ್ಗೆ ಗೌಡರು ಬಂದರು. ಇಬ್ಬರ ಮಾತನ್ನೂ ಕೇಳಿದರು. ಅವನು ನಿಂತದ್ದರಿಂದ ನಿಮಗೆ ಆದ ನಷ್ಟವೆಷ್ಟು ಎಂದು ವರ್ತಕನನ್ನು ಕೇಳಿದರು. ಸರಪಳಿ ಹಾಕುವ ಮೊದಲೇ ನನ್ನ ಉಪ್ಪು ತಂದ ಒಂದು ದೋಣಿ ಜಾಗವಿಲ್ಲದೆ ಮುಂದೆ ಹೋಯಿತು, ಒಂದು ಕೊಳಗದ ನಷ್ಟ ಎಂದು ವರ್ತಕ ಹೇಳಿದ. ಗೌಡರು ತೀರ್ಪು ಕೊಟ್ಟರು.

"ಅಂಬಿಗ ಓದಿ ಕಟ್ಟಿದ್ದಾನೆ, ಆ ಒಂದು ಕೊಳಗ ಅವನು ಕೊಡತಕ್ಕದ್ದು. ನಷ್ಟ ಕೇಳೋದು ಕಟ್ಟೆ ಕಟ್ಟಿದವರ ಹಕ್ಕು. ಹೆದರಿಸೋಕೆ ಬರೆದ ಹತ್ತು ಕೊಳಗ ಸಲ್ಲದು. ಶಿಕ್ಷೆ ಕೊಡೋ ಅಧಿಕಾರ ನಿಮಗೆ ಯಾರೂ ಕೊಟ್ಟಿಲ್ಲ. ಇನ್ನು ಸರಪಳಿ ಬಿದ್ದ ಮೇಲೆ ದೋಣಿ ನಿಂತದ್ದು ಅವನಿಂದಲ್ಲ, ನಿಮ್ಮಿಂದ. ಎಲೆಯ ಬೆಲೆ ನೀವು ಕೊಡಬೇಕು."

ವರ್ತಕ ತಕರಾರು ಮಾಡದೆ ಕೊಟ್ಟ. ಅಂಬಿಗ ಗೆದ್ದ. ಗೆದ್ದು ಮೇಲಿನ ಊರಿಗೆ ಹೋಗುವಷ್ಟರಲ್ಲಿ ಮದುವೆ ಮುಗಿದು ಚಪ್ಪರ ಬಿಚ್ಚುತ್ತಿದ್ದರು. ಎಲ್ಲಿಂದಲೋ ಎಲೆ ತಂದು ಕೆಲಸ ಸಾಗಿಸಿದ್ದರು. ಅವನನ್ನು ಯಾರೂ ಬೈಯಲಿಲ್ಲ, ಕೂರಿಸಿ ಊಟ ಹಾಕಿದರು. ಆಮೇಲೆ ಆ ಊರಿನಿಂದ ಅವನಿಗೆ ಮತ್ತೆ ಕರೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯನ ಹಣೆಯಲ್ಲಿ ಬೆವರು ಮೂಡಿತ್ತು.

"ಅಂದರೆ ಬುದ್ಧೀ, ನಷ್ಟ ಸಲ್ಲುತ್ತದೆ, ದಂಡ ಸಲ್ಲುವುದಿಲ್ಲ," ಎಂದ ಮೆಲ್ಲಗೆ.

ಗುರುಗಳು ಹೌದೆಂದು ತಲೆಯಾಡಿಸಿದರು. ಅವನು ಏಳಲಿಲ್ಲ. ನೆಲ ನೋಡುತ್ತ ಕೂತೇ ಇದ್ದ.

"ಅಡವಯ್ಯಾ, ಈ ಮಾತು ಕೇಳಲು ನೀನು ಆ ದೋಣಿಗೆ ಬೀಗ ಹಾಕುವ ಮೊದಲು ಬಂದೆಯೋ, ಹಾಕಿ ಬಂದೆಯೋ?"